ಹಿಗ್ಗದ ಗುಂಡಿಗಳು

ನನ್ನ ಚಿಕ್ಕಮ್ಮ ದರ್ಜಿ. ಹೇಳಿದ ದಿನಕ್ಕಿಂತ ಮೊದಲೇ ಬಟ್ಟೆ ಕೇಳಲು ಬಂದ ಗಿರಾಕಿಗಳಿಗೆ ಚೆನ್ನಾಗಿ ಮಂಗಳಾರತಿ ಎತ್ತುತ್ತಿದ್ದಳು. ಐದು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಆ ಬಾಯಿ ಮನೆಯೊಳಗೆ ಮುಚ್ಚಿಹೋಯಿತು. ಚಿಕ್ಕಪ್ಪ ಮುಂದಿನ ಕೋಣೆಯಲ್ಲಿ, ಇವಳು ಹೊಲಿಗೆ ಮಿಷನ್ನಿನ ಕೋಣೆಯಲ್ಲಿ. ಕೊನೆಗೆ ಚಿಕ್ಕಪ್ಪ ಅಣ್ಣನ ಮನೆಯಲ್ಲಿ ಇರುತ್ತೇನೆಂದು ಪೆಟ್ಟಿಗೆ ಕಟ್ಟಿಟ್ಟರು. ಭಾನುವಾರ ಹೊರಡುವುದೆಂದಾಯಿತು.

"ಜಗಳ ಏನೂ ಇಲ್ಲ ಕಣೇ, ಸುಮ್ನೆ ದೂರ ಆಗೋಯ್ತು," ಎಂದಳು ಚಿಕ್ಕಮ್ಮ. ಜಗಳವನ್ನಾದರೂ ಆಡಬಾರದಿತ್ತೇ ಎಂದು ನನಗೆ ಮೈಯೆಲ್ಲ ಉರಿಯಿತು.

ಆ ವಾರವೇ ವಿಜ್ಞಾನ ಕೇಂದ್ರದಿಂದ ಕೆಲಸ ಬಂತು. ವಿಶ್ವ ಹಿಗ್ಗುತ್ತಿರುವುದನ್ನು ಶಾಲಾ ಮಕ್ಕಳಿಗೆ ತೋರಿಸಲು ಎಳೆದರೆ ಹಿಗ್ಗುವ ಕಪ್ಪು ಬಟ್ಟೆ ಬೇಕು, ಅದರ ಮೇಲೆ ಅಲ್ಲಲ್ಲಿ ಗೆಲಾಕ್ಸಿಗಳು. ಚಿಕ್ಕಮ್ಮ ಬಿಳಿ ಬಣ್ಣದಲ್ಲಿ ಅಚ್ಚುಕಟ್ಟಾಗಿ ಸುರುಳಿಗಳನ್ನು ಬರೆದಳು. ಒಪ್ಪಿಸಲು ನಾನೂ ಜೊತೆಗೆ ಹೋದೆ. ಅಲ್ಲಿನ ಮೇಷ್ಟ್ರು ಒಂದು ತುದಿ ಹಿಡಿದರು, ನಾನೊಂದು ತುದಿ. ಎಳೆದದ್ದೇ ತಡ, ಸುರುಳಿಗಳೆಲ್ಲ ಸೌತೆಕಾಯಿಯ ಹಾಗೆ ಉದ್ದವಾದವು.

"ಹೀಗಲ್ಲಮ್ಮ," ಎಂದರು ಮೇಷ್ಟ್ರು. "ದೂರ ದೂರದ ಗೆಲಾಕ್ಸಿಗಳ ನಡುವೆ ಜಾಗ ಹಿಗ್ಗುತ್ತೆ, ಗೆಲಾಕ್ಸಿ ಒಳಗಲ್ಲ. ಅಲ್ಲಿ ನಕ್ಷತ್ರಗಳನ್ನ ಗುರುತ್ವಾಕರ್ಷಣೆ ಹಿಡಿದಿಟ್ಕೊಂಡಿರುತ್ತೆ. ಬಣ್ಣ ಬೇಡ, ಗುಂಡಿ ಹೊಲೀರಿ. ಬಟ್ಟೆ ಹಿಗ್ಲಿ, ಗುಂಡಿ ಹಾಗೇ ಇರ್ಲಿ."

ಚಿಕ್ಕಮ್ಮ ಬಟ್ಟೆ ಮಡಚುತ್ತಾ ಕೇಳಿದಳು, "ಹಾಗಾದ್ರೆ ಒಂದು ಮನೆ ಒಳಗೆ?"

ಮೇಷ್ಟ್ರು ನಕ್ಕರು. "ಅಯ್ಯೋ, ಇಲ್ಲಮ್ಮ. ಇಲ್ಲಿ ಯಾವುದೂ ಹಾಗೆ ತಾನಾಗಿ ದೂರ ಆಗಲ್ಲ. ಯಾರಾದ್ರೂ ಎದ್ದು ಹೋಗಿರ್ಬೇಕು, ಅಷ್ಟೆ."

ಅವರಿಗೇನು ಗೊತ್ತು, ಪಾಪ. ಚಿಕ್ಕಮ್ಮ ಬರುವ ದಾರಿಯಲ್ಲೇ ಬೇರೆ ಕಪ್ಪು ಬಟ್ಟೆಯನ್ನೂ ಬಿಳಿ ಗುಂಡಿಗಳನ್ನೂ ಕೊಂಡಳು.

ಶನಿವಾರ ಸಂಜೆ ಗುಂಡಿ ಹೊಲಿದು ಮುಗಿಯಿತು. ಎಳೆದು ನೋಡಲು ನಾನು ಎದ್ದೆ. ಅವಳು ಬೇಡವೆಂದು ಕೈಯಾಡಿಸಿ, ಬಟ್ಟೆಯನ್ನು ಮುಂದಿನ ಕೋಣೆಗೆ ಒಯ್ದು ಗಂಡನ ಕೈಗೆ ಒಂದು ತುದಿ ಕೊಟ್ಟಳು. ನಾನು ಬಾಗಿಲಲ್ಲೇ ನಿಂತೆ.

"ಎಳೀರಿ."

ಅವರು ಎಳೆದರು. ನಡುವಿನ ಕಪ್ಪು ಅಗಲವಾಯಿತು. ಗುಂಡಿಗಳು ಇದ್ದಷ್ಟೇ ಇದ್ದವು.

"ನಮ್ದು ತಾನಾಗಿ ದೂರ ಆಗಿದ್ದಲ್ಲ ರೀ," ಎಂದಳು. "ನಾನೇ ಎದ್ದು ಹೋದೆ. ನಿಮ್ಮ ಮುಖದಲ್ಲಿ ಅವಳ ಮುಖ ಕಾಣ್ತಿತ್ತು, ನೋಡೋಕಾಗ್ಲಿಲ್ಲ. ಹೋಗ್ಬೇಡಿ."

ಚಿಕ್ಕಪ್ಪ ಗುಂಡಿಗಳನ್ನೇ ನೋಡುತ್ತಾ ನಿಂತರು. ಬಟ್ಟೆಯನ್ನು ಬಿಡಲಿಲ್ಲ. ಅವರ ಭುಜ ಹಿಡಿದು ಅಲುಗಾಡಿಸಿಬಿಡಲೇ ಎನ್ನುವಷ್ಟು ಸಿಟ್ಟು ಬಂತು ನನಗೆ. ಆಮೇಲೆ ಅವರು ಹತ್ತಿರದ ಗುಂಡಿಯೊಂದನ್ನು ಹೆಬ್ಬೆರಳಿನಿಂದ ಸವರಿದರು.

"ಪುಟ್ಟಿ ಇದ್ದಿದ್ರೆ," ಎಂದರು, "ಇಷ್ಟೊತ್ತಿಗೆ ಎಲ್ಲಾ ಕಿತ್ತು ಹಾಕಿರೋಳು."

ಮಗಳು ಹೋದ ಮೇಲೆ ಅವರಿಬ್ಬರೂ ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲು.