ಮಿಶ್ರಿ ನಡೆಯುತ್ತದೆ, ಚುಟ್ಟಾ ನಡೆಯುವುದಿಲ್ಲ

ನಾನು ಸೊಸೆಯಾಗಿ ಬಂದ ಹುಮನಾಬಾದಿನ ಮನೆಯವರು ತಂಬಾಕಿನ ವ್ಯಾಪಾರಿಗಳು. ನನ್ನ ಗಂಡನ ಕಿರಾಣಿ ಅಂಗಡಿಯ ಒಂದು ಬದಿಗೆ ಬೇಳೆ, ಬೆಲ್ಲ, ಎಣ್ಣೆ; ಇನ್ನೊಂದು ಬದಿಗೆ ಎಲೆ ತಂಬಾಕು, ಬೀಡಿ, ನಶ್ಯ, ಜರ್ದಾ. ಮೇಲಿನ ಹಲಗೆಯ ಗಾಜಿನ ಪೆಟ್ಟಿಗೆಯಲ್ಲಿ ಇಡೀ ಎಲೆ ಸುತ್ತಿದ ಚುಟ್ಟಾಗಳು, ಸಿಗಾರ್‌ಗಳು. ಕಚೇರಿಯ ಅಧಿಕಾರಿಗಳು, ಹೈದರಾಬಾದು ಸೊಲ್ಲಾಪುರಗಳ ನಡುವೆ ಓಡಾಡುವ ಗುತ್ತಿಗೆದಾರರು ಅವುಗಳಿಗಾಗಿ ಗಾಡಿ ನಿಲ್ಲಿಸಿ ಇಳಿಯುತ್ತಿದ್ದರು. ಆದರೆ ನನ್ನ ಗಂಡ ಒಂದು ಬೀಡಿಯನ್ನೂ ಸೇದಿದವರಲ್ಲ. ಎದೆ ನಾಜೂಕು. ಹೊಗೆ ತಾಕಿದರೆ ಸಾಕು, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮುತ್ತಿದ್ದರು.

ಮನೆಯಲ್ಲಿ ತಂಬಾಕಿನ ಚಟವಿದ್ದದ್ದು ಅತ್ತೆಗೆ. ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಮನಸ್ಸಿಗೆ ಬೇಸರವಾದಾಗೆಲ್ಲ ಒಮ್ಮೆ ಮಿಶ್ರಿ ತಿಕ್ಕುತ್ತಿದ್ದರು. ತಂಬಾಕನ್ನು ಕಾವಲಿಯ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕುವುದೇ ಮಿಶ್ರಿ. ನಮ್ಮ ಓಣಿಯ ಅರ್ಧ ಹೆಂಗಸರ ತೋರುಬೆರಳು ಅದರಿಂದ ಕಪ್ಪಾಗಿತ್ತು. ಅದಕ್ಕೆ ಯಾರೂ ಚಟ ಎನ್ನುತ್ತಿರಲಿಲ್ಲ, ಹಲ್ಲುಜ್ಜುವುದು ಎನ್ನುತ್ತಿದ್ದರು.

ಅಂಗಡಿಯಲ್ಲಿ ಮುರಿದ ಚುಟ್ಟಾಗಳು ಮಿಶ್ರಿಗೆಂದು ಮನೆಗೆ ಬರುತ್ತಿದ್ದವು. ಹುರಿಯುವ ಕೆಲಸ ನನ್ನದು. ಹುರಿಯುತ್ತ ಹುರಿಯುತ್ತ ನನ್ನ ಮೂಗು ತಾನಾಗಿಯೇ ಕಲಿಯಿತು. ತಿರುಚಿನಾಪಳ್ಳಿಯ ಎಲೆ ಕಾವಲಿ ಮುಟ್ಟಿದೊಡನೆ ಒಗ್ಗರಣೆಯ ಮೆಣಸಿನಕಾಯಿಯಂತೆ ಗಂಟಲಿಗೆ ಬರುತ್ತಿತ್ತು. ಬರ್ಮಾದ ಚುಟ್ಟಾದಲ್ಲಿ ಹುಣಸೆಹಣ್ಣಿನ ಹುಳಿ, ಅದರ ಹಿಂದೆ ಸುಟ್ಟ ಕಟ್ಟಿಗೆಯ ಸಿಹಿ. ನಮ್ಮ ಕಡೆಯ ಎಲೆ ಮಳೆಯಲ್ಲಿ ನೆನೆದ ಗೋಣಿಚೀಲ. ಯಾವುದು ಯಾವುದೆಂದು ಕಣ್ಣು ಮುಚ್ಚಿ ಹೇಳಬಲ್ಲೆನೆಂದು ಒಂದು ದಿನ ನನಗೇ ಗೊತ್ತಾಯಿತು.

ಅದೊಂದು ಮಧ್ಯಾಹ್ನ ಅತ್ತೆ ದರ್ಶನಕ್ಕೆಂದು ಮಾಣಿಕನಗರಕ್ಕೆ ಹೋಗಿದ್ದರು. ಅಂಗಡಿಯಿಂದ ಬಂದ ಪೊಟ್ಟಣದಲ್ಲಿ ತುದಿ ಮಾತ್ರ ಮುರಿದ ಒಂದು ಬರ್ಮಾ ಚುಟ್ಟಾ ಇತ್ತು. ಅಷ್ಟು ಚೆಂದದ್ದನ್ನು ಕುಟ್ಟಿ ಹುರಿಯಲು ಕೈ ಬರಲಿಲ್ಲ. ಒಲೆಯ ಕೆಂಡದಿಂದ ಹೊತ್ತಿಸಿಕೊಂಡು ಹಿತ್ತಲಿನ ಕಟ್ಟೆಯ ಮೇಲೆ ಕುಳಿತೆ. ತಲೆ ಗಿರ್ರೆಂದಿತು. ಕಟ್ಟೆ ಹಿಡಿದುಕೊಂಡೆ. ಆದರೆ ಎಸೆಯಲಿಲ್ಲ. ಅರ್ಧ ಮುಗಿಯುವ ಹೊತ್ತಿಗೆ ತಲೆ ಸುತ್ತುವುದು ನಿಂತಿತು, ನಾಲಿಗೆ ಎಚ್ಚೆತ್ತಿತು.

ಊಟಕ್ಕೆ ಬಂದ ಗಂಡನಿಗೆ ವಾಸನೆ ಸಿಕ್ಕಿತು. ಬಾಗಿಲಲ್ಲೇ ನಿಂತರು. ಬೈಗುಳಕ್ಕೆ ನಾನು ತಯಾರಾಗಿಯೇ ಇದ್ದೆ.

"ಯಾವ್ದು ಸೇದಿದಿ?"

"ತುದಿ ಮುರದದ್ದು. ಬರ್ಮಾದ್ದು."

ಒಳಗೆ ಬಂದು ಕೇಳಿದರು: "ಹ್ಯಾಂಗಿತ್ತು?"

ಚೇಷ್ಟೆಗೆ ಕೇಳಿದ್ದಲ್ಲ. ತಾನು ಬಾಯಿಗಿಡಲಾಗದ ಮಾಲನ್ನು ಮಾರುವ ವ್ಯಾಪಾರಿಯ ಪ್ರಶ್ನೆ ಅದು. ನಾನೂ ಹಾಗೆಯೇ ಉತ್ತರ ಕೊಟ್ಟೆ: "ಎಲಿ ಛಲೋ ಅದ. ಆದ್ರ ಸುತ್ತಿದಾವ ಬಿಗಿ ಸುತ್ಯಾನ. ದಮ್ಮ ಎಳೀಲಿಕ್ಕ ತ್ರಾಸ ಆಗ್ತದ."

ಅಂದಿನಿಂದ ಹೊಸ ಮಾಲು ಬಂದರೆ ಮೊದಲು ನನ್ನ ಮುಂದೆ ಬರುತ್ತಿತ್ತು. ನಾನು ನನ್ನದೇ ಪದ್ಧತಿ ಮಾಡಿಕೊಂಡೆ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತುವುದು. ಚಟಚಟ ಎಂದರೆ ಒಣಗಿದೆ, ಒತ್ತಿದ ಕುಳಿ ಹಾಗೇ ನಿಂತರೆ ಹಸಿಯಿದೆ. ಹೊತ್ತಿಸುವ ಮೊದಲು ಮೂಸುವುದು. ಮೊದಲ ಕೆಲವು ದಮ್ಮುಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಅವು ಬೆಂಕಿಯ ರುಚಿ, ಎಲೆಯದಲ್ಲ. ನಾಲಿಗೆಯ ತುದಿಗೆ ಕಚ್ಚಿದರೆ ಎಲೆ ಸರಿಯಾಗಿ ಹದವಾಗಿಲ್ಲ. ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಮೊದಲು ಒಂದು ತುಂಡು ಜೋಳದ ರೊಟ್ಟಿ, ಒಂದು ಗುಟುಕು ತಣ್ಣೀರು.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಕಂದಾಯ ಕಚೇರಿಯಿಂದ ನಿವೃತ್ತರಾದ ಮುಸಲ್ಮಾನ ಹಿರಿಯರೊಬ್ಬರಿದ್ದರು. ಅವರ ಮನೆತನ ಆ ಊರಿನಲ್ಲಿ ನಮ್ಮದಕ್ಕಿಂತ ಹಳೆಯದು. ಊರಿನಲ್ಲಿ ಸಿಗಾರ್ ಬಲ್ಲವರೆಂದರೆ ಅವರೇ. ಅವರು ಒಂದು ದಿನ ಅಂಗಡಿಯಲ್ಲಿ ಕೇಳಿದರಂತೆ: "ಏನ್ ಸಾವಕಾರ್, ಈಚೀಗಿ ನಿಮ್ಮ ಮಾಲ್ ಭಾಳ ಸುಧಾರಿಸ್ಯಾದ. ಯಾರು ಆರಿಸಾಕತ್ತಾರ?"

ನನ್ನ ಗಂಡನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ನಮ್ಮ ಮನ್ಯಾಗಿನೋರು ಸೇದಿ ನೋಡ್ತಾರ್ರಿ" ಎಂದುಬಿಟ್ಟರು.

ಹಿರಿಯರು ನಗಲಿಲ್ಲ. ಮರುದಿನ ಅವರ ಹೆಂಡತಿ, ನಾನು ಚಾಚಿ ಎನ್ನುತ್ತಿದ್ದವರು, ಬುರ್ಖಾದಲ್ಲಿ ಹಿತ್ತಲ ಬಾಗಿಲಿಗೆ ಬಂದು ಎರಡು ಸಿಗಾರ್ ಕೊಟ್ಟರು. "ಯಾವ್ದು ಎಲ್ಲೀದು ಅಂತ ಹೇಳಬೇಕಂತ. ಇದು ಅವರ ಸವಾಲ್."

ನಾನು ಎರಡನ್ನೂ ಸೇದಿ ಗತ್ತಿನಿಂದ ಹೇಳಿ ಕಳಿಸಿದೆ: ಒಂದು ತಿರುಚಿನಾಪಳ್ಳಿಯದು, ಇನ್ನೊಂದು ಹೊರದೇಶದ್ದು, ಹೂವಿನ ವಾಸನೆಯ ಎಲೆ. ಉತ್ತರ ಬಂತು: ಎರಡೂ ಒಂದೇ ಡಬ್ಬಿಯವು. ಒಂದನ್ನು ಮೇಜಿನ ಮೇಲಿಟ್ಟಿದ್ದರು, ಇನ್ನೊಂದನ್ನು ಚಾಚಿಯ ಬಟ್ಟೆಯ ಅಲಮಾರಿಯಲ್ಲಿ, ಅತ್ತರಿನ ಸೀಸೆಯ ಪಕ್ಕ. ವಾರವೆಲ್ಲ ಅವರು ನಕ್ಕರೆಂದು ಚಾಚಿ ಹೇಳಿದರು. ನನಗೆ ಸಿಟ್ಟು ಬಂತು, ಅವರ ಮೇಲಲ್ಲ, ನನ್ನ ಮೂಗಿನ ಮೇಲೆ. ಆಮೇಲೆ ನಾನು ಎಲೆಯ ಜೊತೆ ಅದನ್ನಿಟ್ಟ ಜಾಗವನ್ನೂ ಮೂಸಲು ಕಲಿತೆ. ಸವಾಲುಗಳು ಹಿತ್ತಲ ಬಾಗಿಲಿನಿಂದ ಬರುತ್ತಲೇ ಇದ್ದವು. ಕೆಲವನ್ನು ಗೆದ್ದೆ, ಕೆಲವನ್ನು ಸೋತೆ.

ಇದು ಗುಟ್ಟಾಗಿ ಉಳಿಯುವ ವಿಷಯವಲ್ಲ. ಹೊಗೆಗೆ ಗೋಡೆಯಿಲ್ಲ. ಅತ್ತೆ ಒಂದು ದಿನ ಹಿತ್ತಲಿಗೆ ಬಂದವರು ನನ್ನ ಕೈಯಲ್ಲಿದ್ದ ಚುಟ್ಟಾ ನೋಡಿ ಹಣೆ ಬಡಿದುಕೊಂಡರು. ನನ್ನ ಮುಂದೆ ಅತ್ತರು, ಮಗನ ಮುಂದೆ ಕೂಗಾಡಿದರು. ಎರಡರಿಂದಲೂ ಪ್ರಯೋಜನವಾಗದಾಗ ನಮ್ಮ ಸಮಾಜದ ಹಿರಿಯರ ಹತ್ತಿರ ಹೋದರು.

ಮೂವರು ಹಿರಿಯರು ಬಂದು ಪಡಸಾಲೆಯಲ್ಲಿ ಕುಳಿತರು. ಗಂಡ ಕಂಬಕ್ಕೆ ಒರಗಿ ನಿಂತಿದ್ದರು. ಮಾತಿನ ಮುಂದಾಳು ನನ್ನ ಗಂಡನನ್ನೇ ನೋಡುತ್ತ ಮನೆತನ, ಮರ್ಯಾದೆ ಎಂದು ಶುರುಮಾಡಿದ. ನಾನು ಒಳಗಿನಿಂದ ಎದ್ದು ಬಂದೆ.

"ತಂಗೀ, ನೀ ಒಳಗ ಹೋಗು. ನಾವು ನಿನ್ನ ಗಂಡನ ಜೋಡಿ ಮಾತಾಡಾಕತ್ತೇವಿ."

"ಸೇದಾಕಿ ನಾನ್ರಿ. ಅವರ ಜೋಡಿ ಏನ್ ಮಾತಾಡ್ತೀರಿ?"

"ತಂಬಾಕ ಹೆಂಗಸರಿಗೆ ಅಲ್ಲ."

"ನಮ್ಮತ್ತಿ ಹಲ್ಲಿಗೆ ತಿಕ್ಕೂದು ಮತ್ತೇನ್ರಿ, ಒಲಿ ಬೂದೀನ?"

"ಮಿಶ್ರಿ ಬ್ಯಾರೆ, ಚುಟ್ಟಾ ಬ್ಯಾರೆ. ಮಿಶ್ರಿ ನಡೀತದ."

"ಒಂದ ಎಲೀರಿ. ನಾನ ಹುರೀತೀನಿ, ನನಗ ಗೊತ್ತಿಲ್ಲೇನು? ಹೊಗಿ ಕಾಣ್ತದ ಅಂತ ನಿಮಗ ಸಿಟ್ಟು. ಕಾಣದ್ದು ಎಲ್ಲಾ ನಡೀತದ."

ಮುಂದಾಳಿನ ಮುಖ ಕೆಂಪಾಯಿತು. "ಬಿಡ್ತೀಯೋ ಇಲ್ಲೋ, ಅಷ್ಟ ಹೇಳು."

ನಾನು ಅವನ ಎದುರಿಗೇ ಬಂದು ನಿಂತೆ. "ಬಿಡ್ತೀನ್ರಿ. ಆದ್ರ ಎಲ್ಲಾರೂ ಕೂಡಿ ಬಿಡೂಣು. ನಿಮ್ಮ ನಡದಾಗಿನ ನಶ್ಯದ ಡಬ್ಬಿ ಇಲ್ಲಿ ಇಡ್ರಿ. ನಿಮ್ಮ ಬಾಜೂದವರು ಬಾಯಾಗಿನ ಜರ್ದಾ ಉಗುಳ್ಲಿ. ಅತ್ತಿ ಮಿಶ್ರಿ ತರ್ಲಿ. ಎಲ್ಲಾ ಒಯ್ದು ಒಲ್ಯಾಗ ಹಾಕಿ, ಅದರ ಮ್ಯಾಲ ನನ್ನ ಚುಟ್ಟಾ ಹಾಕ್ತೀನಿ."

ಒಳಗಿನಿಂದ ಅತ್ತೆಯ ದನಿ ಬಂತು: "ನನ್ನ ಮಿಶ್ರಿ ಸುದ್ದೀಗಿ ಬರಬ್ಯಾಡ!"

ಯಾರೂ ನಗಲಿಲ್ಲ. ಮುಂದಾಳು ನನ್ನ ಗಂಡನ ಕಡೆ ತಿರುಗಿದ. "ನಿನ್ನ ಹೆಂಡ್ತಿ ನಿನ್ನ ಮಾತು ಕೇಳಂಗಿಲ್ಲೇನು?"

ನನ್ನ ಗಂಡ ನೆಲ ನೋಡುತ್ತಲೇ, ಬಹಳ ಸಣ್ಣ ದನಿಯಲ್ಲಿ ಹೇಳಿದರು: "ಮಾಲಿನ ವಿಷಯದಾಗ ನಾನ ಅಕಿ ಮಾತು ಕೇಳ್ತೀನ್ರಿ."

ಅವರು ನೀರೂ ಕುಡಿಯದೆ ಎದ್ದು ಹೋದರು.

ಆಮೇಲೆ ನನ್ನನ್ನು ತೊಟ್ಟಿಲಿಗೆ ಕರೆಯುವುದು ನಿಂತಿತು. ಉಡಿ ತುಂಬಲು ಕರೆಯುವುದು ನಿಂತಿತು. ಎದುರುಮನೆಯಲ್ಲಿ ಕೂಸಿಗೆ ಹೆಸರಿಟ್ಟ ದಿನ ಜೋಗುಳ ನನ್ನ ಅಡುಗೆಮನೆಗೇ ಕೇಳಿಸುತ್ತಿತ್ತು. ನೋವಾಗಲಿಲ್ಲ ಎಂದರೆ ಸುಳ್ಳಾದೀತು. ನನಗೆ ಅಂಥ ಹಾಡುಗಳು ಬಹಳ ಬರುತ್ತಿದ್ದವು, ದನಿಯೂ ಇತ್ತು. ಆದರೂ ಹೋಗಿ ತಪ್ಪಾಯಿತು ಎನ್ನಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ.

ಸುದ್ದಿ ನನ್ನ ತವರು ಕಲ್ಯಾಣಿಗೂ ಮುಟ್ಟಿತು. ಆ ಊರಿಗೆ ಈಗ ಬಸವಕಲ್ಯಾಣ ಎನ್ನುತ್ತಾರೆ. ಬಸುರಿಯಾಗಿದ್ದ ತಮ್ಮನ ಹೆಂಡತಿಯ ಕುಬಸಕ್ಕೆಂದು ಹೋದೆ. ಅಪ್ಪ ಮುಖ ಕೊಟ್ಟು ಮಾತಾಡಲಿಲ್ಲ. ಅವ್ವ ನನ್ನನ್ನು ದೇವರ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

"ಬಿಟ್ಟೀನಿ ಅನ್ನವ್ವಾ. ಬಿಡಬ್ಯಾಡ, ಬರೇ ಬಿಟ್ಟೀನಿ ಅನ್ನು. ನಿಮ್ಮಪ್ಪಗ ಅಷ್ಟ ಸಾಕು."

"ಅವ್ವಾ, ಇಷ್ಟು ಮಂದಿ ಮುಂದ ಖರೇ ಹೇಳಿ ಈಗ ಅಪ್ಪನ ಮುಂದ ಸುಳ್ಳ ಹೇಳಲೇನು?"

"ಸುಳ್ಳು ಹೇಳಿದ್ರ ನಾಲಿಗಿ ಉದುರೂದಿಲ್ಲ."

"ನನ್ನ ನಾಲಿಗಿ ನನಗ ಬೇಕು."

ಹೊರಗೆ ಬಂದಾಗ ಅಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಹಂಗಿದ್ರ ಊಟದ ಪಂಕ್ತ್ಯಾಗ ಕುಂಡ್ರಬ್ಯಾಡ."

ನಾನು ಕುಳಿತುಕೊಳ್ಳಲಿಲ್ಲ. ತಂದ ಕುಬಸದ ಖಣವನ್ನು ತಮ್ಮನ ಹೆಂಡತಿಯ ಮಡಿಲಿಗಿಟ್ಟು ಬಸ್ಸಿಗೆ ನಡೆದೆ. ಕೋಟೆಯ ಬದಿಯ ದಾರಿಯಲ್ಲಿ ಹಿಂದಿನಿಂದ ಅವ್ವ ಓಡೋಡಿ ಬಂದಳು. ಕೈಯಲ್ಲಿ ರೊಟ್ಟಿ, ಪುಂಡಿಪಲ್ಯದ ಗಂಟು. ಏದುಸಿರು ಬಿಡುತ್ತ ಕೇಳಿದಳು: "ಅದರಾಗ ಅಂಥಾದ್ದ ಏನದ, ಹೇಳರೆ ಹೇಳು."

ಬಸ್ಸು ಬರುವ ತನಕ ಹೇಳಿದೆ. ಎಲೆಯ ಸಿಹಿ, ಖಾರ, ಹುಳಿಯ ವಿಷಯ ಹೇಳಿದೆ. ಅವಳಿಗೆ ತಿಳಿಯಲಿಲ್ಲ. ಕೊನೆಗೆ ಹೇಳಿದೆ: "ಅವ್ವಾ, ದಿನಾ ಅಡಗಿ ಮಾಡ್ತೀನಿ, ಹ್ಯಾಂಗ ಆಗ್ಯಾದಂತ ಯಾರೂ ಕೇಳಂಗಿಲ್ಲ. ಇದೊಂದರಾಗ 'ಹ್ಯಾಂಗದ' ಅಂತ ಕೇಳಿ, ನಾ ಹೇಳೂತನಾ ಕಾಯ್ತಾರ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಟನ್ನು ನನ್ನ ಕೈಗೆ ಕೊಟ್ಟಳು. ಅಪ್ಪ ಇರುವ ತನಕ ನಾನು ಮತ್ತೆ ಕಲ್ಯಾಣಿಗೆ ಹೋಗಲಿಲ್ಲ. ಅವ್ವನೇ ಮಾಣಿಕನಗರಕ್ಕೆ ಬಂದಾಗ ನಮ್ಮ ಮನೆಗೆ ಬಂದು ಹೋಗುತ್ತಿದ್ದಳು.

ಎರಡನೆಯ ಮಹಾಯುದ್ಧ ಬರ್ಮಾಕ್ಕೆ ಮುಟ್ಟಿದ ಮೇಲೆ ಅಲ್ಲಿಯ ಚುಟ್ಟಾ ಬರುವುದು ನಿಂತಿತು. ಓಣಿಯ ಕೊನೆಯ ಮನೆಯ ಹಿರಿಯರ ಹತ್ತಿರ ಒಡೆಯದ ಒಂದು ಡಬ್ಬಿ ಉಳಿದಿತ್ತು. ಅದನ್ನು ಒಡೆಯುವ ದಿನ ಚಾಚಿಯಿಂದ ಹೇಳಿ ಕಳಿಸಿದರು: ಈ ಸಲ ಹಿತ್ತಲಲ್ಲಿ ಬೇಡ, ತಮ್ಮ ಅಂಗಳಕ್ಕೇ ಬರಲಿ, ಗಂಡನನ್ನೂ ಕರೆತರಲಿ. ಹಗಲು ಹೊತ್ತು. ತಲೆಬಾಗಿಲು ತೆರೆದೇ ಇತ್ತು. ಗಂಡ ಹೊಗೆಗೆ ಹೆದರಿ ಬಾಗಿಲ ಹತ್ತಿರ ಕುಳಿತರು. ಚಾಚಿ ಬಿದಿರಿನ ಪರದೆಯ ಹಿಂದೆ. ನಾವಿಬ್ಬರೂ ಎರಡು ಕುರ್ಚಿಗಳಲ್ಲಿ ಎದುರುಬದುರು. ಓಣಿಯಲ್ಲಿ ಹೋಗುವವರು ನಿಂತು ನೋಡಿದರು. ಹಿರಿಯರು ಒಬ್ಬೊಬ್ಬರಿಗೂ ಕೈಯೆತ್ತಿ ಸಲಾಂ ಮಾಡಿದರು. ನಿಂತವರು ತಾವೂ ಕೈಯೆತ್ತಿ ಮುಂದೆ ನಡೆಯಬೇಕಾಯಿತು.

ಅರ್ಧದವರೆಗೆ ಸೇದಿ ಕೇಳಿದರು: "ಕೈಸಾ ಹೈ, ಬೇಟಿ?"

"ಸತ್ತು ಹೋಗ್ಯಾದ್ರಿ. ಹುಣಸಿ ಹೋಗಿ ಬರೇ ಕಟ್ಟಿಗಿ ಉಳದದ."

"ನಹೀ ನಹೀ. ಮುದುಕ ಆಗ್ಯಾದ. ಮುದುಕ ಆಗೂದು ಬ್ಯಾರೆ, ಸಾಯೂದು ಬ್ಯಾರೆ."

ಬಹಳ ಹೊತ್ತು ವಾದ ಮಾಡಿದೆವು. ಅವರು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಚಾಚಿ ಪರದೆಯೊಳಗಿನಿಂದ ಕೈ ಚಾಚಿ ನನ್ನ ಚುಟ್ಟಾ ಇಸಿದುಕೊಂಡು ಒಂದು ದಮ್ಮು ಎಳೆದು, ಕೆಮ್ಮಿ ವಾಪಸು ಕೊಟ್ಟರು. "ಇಬ್ಬರೂ ಹುಚ್ಚರು. ಇದಕ್ಕ ನನ್ನ ಉಪ್ಪಿನಕಾಯಿ ವಾಸನಿ ಬಡದದ."

ನಿಜಾಮರ ಆಳ್ವಿಕೆ ಮುಗಿಯುವ ಹೊತ್ತಿಗೆ ಸುತ್ತಲಿನ ಹಳ್ಳಿಗಳಿಂದ ಬರುತ್ತಿದ್ದ ಸುದ್ದಿ ಊಟ ಸೇರದಂಥದ್ದು. ಗೋರ್ಟಾದ ಕಡೆ ನಮ್ಮವರ ಕೊಲೆ, ಆಮೇಲೆ ಬೇರೆ ಕಡೆ ಮುಸಲ್ಮಾನರ ಕೊಲೆ. ಓಣಿಯ ಕೊನೆಯ ಮನೆಯವರು ಹೈದರಾಬಾದಿನ ಮಗನ ಮನೆಗೆ ಹೊರಟರು. ಆ ಮನೆಯ ಹತ್ತಿರ ಹೋಗಬೇಡ ಎಂದು ನನಗೆ ಹೇಳಿದವರಲ್ಲಿ ಅಂದು ಪಡಸಾಲೆಯಲ್ಲಿ ಕುಳಿತಿದ್ದ ಮುಂದಾಳೂ ಇದ್ದ. ನಾನು ತಲೆಬಾಗಿಲಿನಿಂದಲೇ ಹೋದೆ. ಚಾಚಿಯ ಜೊತೆ ಪಾತ್ರೆ ಕಟ್ಟಿದೆ, ಹಾಸಿಗೆ ಸುತ್ತಿದೆ. ಗಂಡ ಅಂಗಡಿ ಮುಚ್ಚಿ ಬಂದು ಟ್ರಂಕು ಹೊತ್ತರು. ನಾಲ್ವರೂ ಬಜಾರದ ನಡುವಿನಿಂದಲೇ ಬಸ್ಸಿಗೆ ನಡೆದೆವು.

ದಾರಿಗೆಂದು ನಾನು ಆರಿಸಿ ಕಟ್ಟಿದ್ದ ಸಿಗಾರ್‌ಗಳಲ್ಲಿ ಒಂದನ್ನು ಹಿರಿಯರು ಅಲ್ಲಿಯೇ ಹೊತ್ತಿಸಿದರು.

"ಸ್ವಲ್ಪ ಹಸಿ ಅದ," ಎಂದರು.

"ಮಳಿಗಾಲದಾಗ ಹಂಗ ಇರ್ತದ್ರಿ. ಹೈದರಾಬಾದ್ ಮುಟ್ಟಿದ ಮ್ಯಾಲ ಬಿಸಲಿಗೆ ಅಲ್ಲ, ನೆರಳಿಗೆ ಇಡ್ರಿ. ಚಾಚಿ ಅಲಮಾರಿದಾಗ ಮಾತ್ರ ಬ್ಯಾಡ."

ಅವರು ನಕ್ಕರು, ನಗುತ್ತಲೇ ಮುಖ ತಿರುಗಿಸಿಕೊಂಡರು. ಬಸ್ಸು ಹೊರಟಿತು. ಅವರ ಸುದ್ದಿ ಮತ್ತೆ ನಮಗೆ ಬರಲಿಲ್ಲ. ಗಂಡ ಅಂಗಡಿ ತೆರೆಯಲು ಹೋದರು. ಜನ ನಮ್ಮನ್ನೇ ನೋಡುತ್ತಿದ್ದರು. ನಾನು ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ಯಾರಿಗೂ ದಾರಿ ಬಿಡದೆ ಮನೆಗೆ ಬಂದೆ.