ಅಕೇಶಿಯಾ ಶೆಟ್ರು

ಬೈಂದೂರು ಕಡೆಯ ನಿವೃತ್ತ ಫಾರೆಸ್ಟರ್ ರತ್ನಾಕರ ಶೆಟ್ರ ಪಕ್ಕ ಮದುವೆ ಊಟಕ್ಕೆ ಕೂತವರಿಗೆ ಪಾಯಸಕ್ಕಿಂತ ಮೊದಲು ಅಕೇಶಿಯಾ ಬಡಿಸಿಯಾಗಿರುತ್ತದೆ. "ಗಾಳಿಯಗಿಪ್ಪ ಸಾರಜನಕ ಹಿಡ್ದ್ ಮಣ್ಣಿಗೆ ಕೊಡತ್ತ್ ಮಾರಾಯ್ರೆ, ಮರ ಅಲ್ಲ ಅದ್, ಯೂರಿಯಾ ಫ್ಯಾಕ್ಟ್ರಿ!" ತೊಂಬತ್ತೆಂಟರಲ್ಲಿ ಈ ಫ್ಯಾಕ್ಟ್ರಿ ಕಟ್ಟಲೆಂದೇ ಅವರು ಊರೂರಿನ ಸರ್ಕಾರಿ ಹಾಡಿಗಳಲ್ಲಿದ್ದ, ಅಂದರೆ ಊರಂಚಿನ ಕಿರುಗಾಡುಗಳಲ್ಲಿದ್ದ ಮತ್ತಿ, ಹೊನ್ನೆ, ನೇರಳೆ ಮರಗಳನ್ನೆಲ್ಲ ಉರುಳಿಸಿದ್ದರು. ಅಕೇಶಿಯಾ ಎಲೆ ಚರ್ಮದ ಹಾಗೆ, ಕೊಳೆಯುವುದೇ ಇಲ್ಲ ಎಂದು ಯಾರಾದರೂ ಕೊಂಕು ತೆಗೆದರೆ, ಅಳಿಯನ ನೌಕರಿಯ ಬಗ್ಗೆ ಕೇಳಿದಷ್ಟೇ ಸಿಟ್ಟು ಅವರಿಗೆ. "ಕೊಳೀತ್ತ್, ಕೊಳೀತ್ತ್, ನಿಮ್ಗೆಂತ ಅರ್ಜೆಂಟ್?" ಎನ್ನುತ್ತಾರೆ. ಹೋದ ವರ್ಷದ ಎಲೆಯ ಮೇಲೆ ಈ ವರ್ಷದ ಎಲೆ ಬಿದ್ದು, ಅದರೊಳಗಿನ ಸಾರಜನಕ ಸರ್ಕಾರಿ ಕಚೇರಿಯ ಫೈಲಿನಂತೆ ಕೂತಲ್ಲೇ ಕೂತಿದ್ದರೂ ಅವರ ನಂಬಿಕೆ ಅಲುಗುವುದಿಲ್ಲ. ಬೆಳಿಗ್ಗೆ ದೇವರಿಗೆ ಕೈಮುಗಿದವರು ಹಿತ್ತಿಲ ಆಚೆಯ ಅಕೇಶಿಯಾ ತೋಪಿಗೂ ಒಮ್ಮೆ ತಲೆಬಾಗಿಯೇ ಚಾ ಕುಡಿಯುವುದು. ಆದರೆ ಹೆಂಡತಿ ಗುಲಾಬಿಯ ಮಲ್ಲಿಗೆ ಚಟ್ಟಿಗಳಿಗೆ ಮಣ್ಣು ಬೇಕಾದಾಗ ಮಾತ್ರ ಶೆಟ್ರು ಅದೇ ತೋಪನ್ನು ದಾಟಿ, ಸ್ಕೂಟರಿನಲ್ಲಿ ಖಾಲಿ ಚೀಲ ಇಟ್ಟುಕೊಂಡು, ಹಾಲಾಡಿಯಲ್ಲಿ ತಾವು ಹುಟ್ಟಿ ಬೆಳೆದ ತಾಯಿಮನೆ ಎದುರಿನ ಹಾಡಿಗೆ ಹೋಗುತ್ತಾರೆ. ಅದೂ ಸರ್ಕಾರದ್ದೇ, ಆದರೆ ಅಲ್ಲಿ ಹಳೆಯ ಮರಗಳು ಒಂದೂ ಬಿದ್ದಿಲ್ಲ. ತರಗೆಲೆ ಕೆದಕಿದರೆ ಕೆಳಗೆ ಕಪ್ಪು, ಮೆತ್ತನೆಯ ಮಣ್ಣು. ಮೊನ್ನೆ ಚಟ್ಟಿ ತುಂಬಿಸುತ್ತಾ ಗುಲಾಬಿ ಕೇಳಿದರು: "ಹ್ವಾಯ್, ಊರಿಗೆಲ್ಲ ಅಕೇಶಿಯಾ ನೆಟ್ರಿ, ನಿಮ್ಮನಿ ಎದುರಿನ ಹಾಡಿಗ್ ಮಾತ್ರ ಎಂತಕೆ ನೆಡ್ಲಿಲ್ಲ?" ಶೆಟ್ರು ಒಂದು ಮುಷ್ಟಿ ಮಣ್ಣು ಎತ್ತಿ ಮೂಸಿದರು, ಆ ಘಮಕ್ಕೆ ಮೈಮರೆತು ಹೇಳಿಬಿಟ್ಟರು: "ಇಷ್ಟ್ ಒಳ್ಳೆ ಮಣ್ಣ್ ಮಾರಾಯ್ತಿ, ಅದ್ ನೆಟ್ರೆ ಹಾಳಾತಿಲ್ಯಾ?"