ಅಪ್ಪ ಕೇಳಿದ ರಕ್ತದ ಸಾಕ್ಷಿ

ಹೋದ ವರ್ಷದ ಶ್ರಾವಣ. ನಮ್ಮ ಅಪ್ಪ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಮಲಗಿದ್ದರು. ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಣ್ಣುಗಳು ಹಳದಿಯಾಗಿದ್ದವು. ವರ್ಷಾನುಗಟ್ಟಲೆ ಕೊಬ್ಬು ಸೇರಿ ಸೇರಿ ಲಿವರ್ ಪೂರ್ತಿ ಕೆಟ್ಟುಹೋಗಿದೆ ಎಂದು ಡಾಕ್ಟರು ಹೇಳಿದ್ದರು.

ಅಪ್ಪ ಪಂಢರಪುರಕ್ಕೆ ಹೋಗಿ ತುಳಸಿ ಮಾಲೆ ಹಾಕಿಸಿಕೊಂಡವರು. ಮಾಲೆ ಹಾಕಿದವರು ಹೆಂಡ ಮುಟ್ಟುವಂತಿಲ್ಲ. ವ್ರತ ಮುರಿದವರು ಮಾತ್ರ ಮಾಲೆ ತೆಗೆದಿಡುತ್ತಾರೆ. ಅಪ್ಪ ವ್ರತವನ್ನೇನೋ ಪಾಲಿಸಿದರು, ಆದರೆ ದುರ್ಗದಬೈಲ್ ಪೇಟೆಯ ತಮ್ಮ ಅರಿವೆ ಅಂಗಡಿಯ ಗಾದಿ ಬಿಟ್ಟು ಏಳುತ್ತಿರಲಿಲ್ಲ. ಏಕಾದಶಿ ಬಂದರೆ ತುಪ್ಪದಲ್ಲಿ ಹುರಿದ ಸಾಬೂದಾನಿ, ಮೇಲೆ ಪೇಡೆ. ಅದಕ್ಕೆ ಉಪವಾಸ ಅಂತ ಹೆಸರು ಬೇರೆ!

ನೋಡಲು ಬಂದವರಿಗೆ ಇದೆಲ್ಲ ಯಾಕೆ ಬೇಕು? ಲಿವರ್ ಅಂದರೆ ಕುಡಿತ, ಮುಗೀತು. ಅಪ್ಪನ ಸ್ವಂತ ತಂಗಿ, ನಮ್ಮ ಅತ್ತೆಯೇ, "ಮಾಲಿ ಹಾಕ್ಕೊಂಡು ಇಂಥಾ ಚಟ ಯಾಕ ಬೇಕಿತ್ತೋ ಅಣ್ಣಾ" ಎಂದು ಅತ್ತರು. ಅಪ್ಪ ಗೋಡೆ ಕಡೆ ಹೊರಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ವಾರವೇ ಸಂಶೋಧನೆಗೆಂದು ರಕ್ತ ಕೇಳಲು ಒಬ್ಬ ಹುಡುಗಿ ಬಂದಳು. "ಕಾಕಾ, ನಾವು ಉಣ್ಣೋದು, ಕುಂದ್ರೋದು, ನಮ್ಮ ಜಡ್ಡು, ಎಲ್ಲಾ ರಕ್ತದಾಗಿನ ಜೀನಿನ ಮ್ಯಾಲೆ ಸಣ್ಣ ಸಣ್ಣ ಗುರುತು ಮೂಡಸ್ತಾವ್ರಿ. ಜೀನ್ ಅದೇ ಇರತೈತಿ, ಗುರುತು ಬದಲಾಗ್ತಾವ. ಲಿವರಿಗೆ ಕೊಬ್ಬು ಹತ್ತಿದವರ ರಕ್ತದಾಗ ಎಂಥಾ ಗುರುತು ಅದಾವಂತ ನೋಡಾಕತ್ತೇವಿ" ಎಂದಳು.

ಅಪ್ಪ ಹಾಸಿಗೆಯಲ್ಲಿ ಎದ್ದು ಕೂತೇಬಿಟ್ಟರು. "ಹಂಗಾರ ನಾ ಕುಡದಿಲ್ಲಂತ ನನ್ನ ರಕ್ತ ಹೇಳತೈತೇನವಾ?"

"ಅದು ಹಂಗಲ್ರಿ ಕಾಕಾ..." ಎಂದು ಅವಳು ಶುರುಮಾಡುವಷ್ಟರಲ್ಲಿ ಇವರು ತೋಳು ಚಾಚಿಯಾಗಿತ್ತು. "ತೊಗೋ, ಎಷ್ಟು ಬೇಕೋ ಅಷ್ಟು ತೊಗೋ."

ಅಂದಿನಿಂದ ಒಂದೇ ಜಪ. "ರಿಪೋರ್ಟ್ ಬಂತೇನು? ನಿಮ್ಮ ಅತ್ತೀಗೆ ತೋರಸಬೇಕು." ಕಾಟ ತಡೆಯಲಾರದೆ ಆ ಹುಡುಗಿಯನ್ನು ಹುಡುಕಿಕೊಂಡು ಹೋದೆ.

"ಅಕ್ಕಾರ, ಇದ್ರಾಗ ಒಬ್ಬೊಬ್ಬರಿಗೆ ರಿಪೋರ್ಟ್ ಕೊಡಂಗಿಲ್ರಿ. ಭಾಳ ಮಂದಿ ರಕ್ತ ಹೋಲಿಸಿ ನೋಡ್ತೇವಿ. ಹೆಸರೂ ಇರಂಗಿಲ್ಲ" ಎಂದಳು. ಅಪ್ಪನಿಗೆ ಇದರಿಂದ ಏನಾದರೂ ಔಷಧ ಸಿಗಬಹುದೇ ಎಂದೆ. ಅವಳು ತಲೆ ತಗ್ಗಿಸಿದಳು. "ಮೊದಲ ಗೊತ್ತಾಗಿ ತೂಕ ಇಳಿಸಿದ್ರ ಕೊಬ್ಬು ಕರಗತಿತ್ರಿ. ಈಗ ಭಾಳ ತಡಾ ಆತು."

ಅಪ್ಪನ ಮುಂದೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ರಿಪೋರ್ಟ್ ಬರುವುದಿಲ್ಲ ಎಂದೆ. ಅವರು ಕೊರಳಿನ ಮಾಲೆ ತೆಗೆದು ನನ್ನ ಕೈಗಿಟ್ಟರು. "ನನಗ ಅಂದ್ರ ಅನ್ಲಿ. ಮಾಲಿಗಿ ಅನಬಾರದು." ಅಯ್ಯೋ ದೇವರೇ, ಬೇಡ ಅಪ್ಪಾ ಎಂದು ಎಷ್ಟು ಬೇಡಿಕೊಂಡರೂ ಮತ್ತೆ ಹಾಕಿಸಿಕೊಳ್ಳಲಿಲ್ಲ.

ಆ ವಾರ ದಾಟಲಿಲ್ಲ, ಹೋಗಿಬಿಟ್ಟರು. ಮನೆಗೆ ತಂದು ಮಲಗಿಸಿದಾಗ ಅತ್ತೆ ಬರಿಗೊರಳು ನೋಡಿ, "ಪಾಪ, ಕಡೀಕ ತಪ್ಪು ಒಪ್ಪಿಕೊಂಡ ನೋಡ್ರಿ" ಎಂದರು.

"ಅಪ್ಪ ಕುಡೀತಿದ್ದಿಲ್ಲ ಅತ್ತಿ!" ಎಂದು ಚೀರಿದೆ. ಸುತ್ತ ಕೂತಿದ್ದ ಹೆಂಗಸರು "ಇರಲಿ ಬಿಡವಾ, ಹೋದವರ ಮಾತು ಯಾಕ" ಎಂದು ನನ್ನ ಬೆನ್ನು ಸವರಿದರು. ಇವತ್ತಿಗೂ ಅಪ್ಪನ ನೆನಪಾದರೆ ಮೊದಲು ಬರುವುದು ದುಃಖವಲ್ಲ, ಹಾಗೆ ಬೆನ್ನು ಸವರಿದ ಆ ಕೈಗಳ ಮೇಲಿನ ಸಿಟ್ಟು.